ಆಪ್ಷನ್ ಎಂಟ್ರಿಗೆ ಮೊದಲು: ಪ್ಲೇಸ್‌ಮೆಂಟ್ ಅಂಕಿಗಳನ್ನು ಓದಿ ಎಂಜಿನಿಯರಿಂಗ್ ಕಾಲೇಜು ಆರಿಸುವುದು ಹೇಗೆ

ಸಿಇಟಿ ರ‍್ಯಾಂಕ್ ಪ್ರಕಟವಾದ ಸಂಜೆಯಿಂದಲೇ ನನ್ನ ಮೊಬೈಲ್ ರಿಂಗಣಿಸಲು ತೊಡಗುತ್ತದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ. ಅದರಲ್ಲಿ ಆರು ವರ್ಷ ಪ್ಲೇಸ್‌ಮೆಂಟ್ ವಿಭಾಗದ ಹೊಣೆಯೂ ನನ್ನ ಮೇಲಿತ್ತು. ಹಾಗಾಗಿ ನೆಂಟರು, ಹಳೆಯ ವಿದ್ಯಾರ್ಥಿಗಳು, ಅವರ ಪರಿಚಯದವರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಈ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಚೆನ್ನಾಗಿದೆಯೇ?

ಈ ಸಲ ಅಕ್ಕನ ಮಗಳ ಸರದಿ. ಅಕ್ಕ ಮೂರು ಕಾಲೇಜುಗಳ ಕರಪತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದಳು. ಒಂದರಲ್ಲಿ ಶೇ 93 ಪ್ಲೇಸ್‌ಮೆಂಟ್ ಎಂದಿತ್ತು, ಇನ್ನೊಂದರಲ್ಲಿ ಶೇ 98. ಮೂರನೆಯದರಲ್ಲಿ ಶೇಕಡಾವಾರು ಇರಲಿಲ್ಲ. ಗರಿಷ್ಠ ಪ್ಯಾಕೇಜಿನ ಮೊತ್ತವನ್ನು ದಪ್ಪ ಅಕ್ಷರಗಳಲ್ಲಿ ಅಚ್ಚು ಮಾಡಿ, ಪಕ್ಕದಲ್ಲಿ ಒಬ್ಬ ಹುಡುಗನ ಭಾವಚಿತ್ರ ಹಾಕಿದ್ದರು. “ಇವುಗಳಲ್ಲಿ ಯಾವುದನ್ನು ಮೊದಲು ಹಾಕಿಸಲಿ, ಹೇಳಪ್ಪ” ಎಂದಳು ಅಕ್ಕ. ಸೀಟು ಹಂಚಿಕೆಗಾಗಿ ಬೇಕಾದ ಕಾಲೇಜು, ಶಾಖೆಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವುದೇ ಆಪ್ಷನ್ ಎಂಟ್ರಿ.

ಆ ಮೂರು ಹಾಳೆಗಳಿಂದ ಉತ್ತರ ಹೇಳಲು ಸಾಧ್ಯವಿರಲಿಲ್ಲ. ನಾನು ಅವಳಿಗೆ ಬೇರೊಂದು ಪ್ರಶ್ನೆ ಕೊಟ್ಟೆ. ನಾಲ್ಕು ವರ್ಷಗಳ ಹಿಂದೆ, ನಿನ್ನ ಮಗಳ ರ‍್ಯಾಂಕಿನ ಆಸುಪಾಸಿನಲ್ಲಿ, ಅವಳಿಗೆ ಸಿಗಬಹುದಾದ ಶಾಖೆಗೇ ಸೇರಿದ ಒಬ್ಬ ಸಾಧಾರಣ ವಿದ್ಯಾರ್ಥಿ ಇವತ್ತು ಏನು ಮಾಡುತ್ತಿದ್ದಾನೆ? ತರಗತಿಗೆ ಮೊದಲು ಬಂದವನಲ್ಲ, ಫ್ಲೆಕ್ಸ್‌ನಲ್ಲಿರುವ ಹುಡುಗನೂ ಅಲ್ಲ, ಮಧ್ಯದ ಬೆಂಚಿನವನು. ಕಾಲೇಜುಗಳನ್ನು ಹೋಲಿಸುವಾಗ ಹಿಡಿದುಕೊಳ್ಳಬೇಕಾದದ್ದು ಈ ಒಂದು ಪ್ರಶ್ನೆಯನ್ನು. ಮಿಕ್ಕೆಲ್ಲ ಅಂಕಿಗಳು ಇದಕ್ಕೆ ಉತ್ತರ ಹುಡುಕುವ ದಾರಿಗಳು.

ಶೇ 93 ಎಂದರೆ ಯಾರಲ್ಲಿ ಶೇ 93?

ಪ್ಲೇಸ್‌ಮೆಂಟ್ ಶೇಕಡಾವಾರು ಎನ್ನುವುದು ಒಂದು ಭಿನ್ನರಾಶಿ. ಕರಪತ್ರಗಳು ಅಂಶವನ್ನು ಸಾರುತ್ತವೆ, ಛೇದವನ್ನು ಹೇಳುವುದಿಲ್ಲ. ಬಹಳಷ್ಟು ಕಾಲೇಜುಗಳ ಲೆಕ್ಕದಲ್ಲಿ ಛೇದದಲ್ಲಿರುವವರು “ಅರ್ಹ” ವಿದ್ಯಾರ್ಥಿಗಳು ಮಾತ್ರ: ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಎಲ್ಲ ಹಂತಗಳಲ್ಲೂ ಕಂಪನಿ ಕೇಳುವಷ್ಟು ಅಂಕ ಇರುವವರು, ಒಂದೂ ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇಲ್ಲದವರು, ಪ್ಲೇಸ್‌ಮೆಂಟ್ ವಿಭಾಗದಲ್ಲಿ ಹೆಸರು ನೋಂದಾಯಿಸಿದವರು. ಮೂರನೇ ಸೆಮಿಸ್ಟರ್‌ನ ಗಣಿತದಲ್ಲಿ ಸಿಕ್ಕಿಬಿದ್ದು ಹಿಂದುಳಿದ ಹುಡುಗ ಆ ಲೆಕ್ಕದೊಳಗೆ ಬರುವುದೇ ಇಲ್ಲ. ಅವನ ಮನೆಯವರು ಕಟ್ಟಿದ ಶುಲ್ಕವೂ ಉಳಿದವರಷ್ಟೇ.

ಲೆಕ್ಕಕ್ಕಾಗಿ ಒಂದು ಕಾಲೇಜನ್ನು ಕಲ್ಪಿಸಿಕೊಳ್ಳೋಣ. ಮೊದಲ ವರ್ಷಕ್ಕೆ 600 ಮಂದಿ ಸೇರಿದರು. ಡಿಪ್ಲೊಮಾ ಮುಗಿಸಿದ 60 ಮಂದಿ ನೇರ ಎರಡನೇ ವರ್ಷಕ್ಕೆ ಬಂದರು. ಒಟ್ಟು 660. ಇವರಲ್ಲಿ ನಿಗದಿತ ಅವಧಿಯಲ್ಲಿ ಪದವಿ ಮುಗಿಸಿದವರು 520. ಕಂಪನಿಗಳ ಅರ್ಹತೆ ದಾಟಿ ನೋಂದಾಯಿಸಿಕೊಂಡವರು 420. ಕೆಲಸ ಸಿಕ್ಕಿದ್ದು 390 ಮಂದಿಗೆ. ಎಂ.ಟೆಕ್., ಎಂಬಿಎ, ವಿದೇಶ ಎಂದು ಮುಂದಕ್ಕೆ ಓದಲು ಹೋದವರು 40.

ಕರಪತ್ರದಲ್ಲಿ 390ನ್ನು 420ರಿಂದ ಭಾಗಿಸುತ್ತಾರೆ, ಶೇ 93 ಬರುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಸೇರಿದ 660 ಮಂದಿಯಲ್ಲಿ ಕೆಲಸವೋ ಮುಂದಿನ ಓದೋ ಕೈಗೆ ಸಿಕ್ಕಿದ್ದು 430 ಮಂದಿಗೆ, ಅಂದರೆ ಶೇ 65ಕ್ಕೆ. ಇನ್ನೂ ದೊಡ್ಡ ಸಂಗತಿಯೆಂದರೆ 140 ಮಂದಿ, ಐದರಲ್ಲಿ ಒಬ್ಬರಿಗಿಂತ ಹೆಚ್ಚು, ಸಮಯಕ್ಕೆ ಪದವಿಯನ್ನೇ ಮುಗಿಸಿಲ್ಲ. ಎರಡು ಕಾಲೇಜುಗಳನ್ನು ಅಕ್ಕಪಕ್ಕ ಇಟ್ಟಾಗ ನಾನು ಮೊದಲು ನೋಡುವುದು ಈ ಕೊನೆಯ ಅಂಕಿಯನ್ನು. ಸಮಯಕ್ಕೆ ಪದವಿ ಮುಗಿಸುವವರ ಪ್ರಮಾಣ ಹೆಚ್ಚಿರುವ ಕಡೆ ಪಾಠ ನಡೆಯುತ್ತಿದೆ, ಹಿಂದುಳಿದವರನ್ನು ಯಾರೋ ಕೈಹಿಡಿದು ನಡೆಸುತ್ತಿದ್ದಾರೆ ಎಂದು ನಂಬಲು ಕಾರಣವಿದೆ.

ಇನ್ನೆರಡು ಮಾತುಗಳನ್ನೂ ಎಚ್ಚರದಿಂದ ಓದಬೇಕು. “850 ಆಫರ್‌ಗಳು” ಎಂದರೆ 850 ವಿದ್ಯಾರ್ಥಿಗಳಲ್ಲ. ಒಬ್ಬಳೇ ಚುರುಕಿನ ಹುಡುಗಿಗೆ ಮೂರು ಕಂಪನಿಗಳು ಪತ್ರ ಕೊಟ್ಟರೆ ಮೂರು ಆಫರ್. ಹಾಗೆಯೇ “ಆಫರ್” ಎಂದರೆ ಕೆಲಸಕ್ಕೆ ಸೇರಿದ್ದು ಎಂದಲ್ಲ. 2022ರಲ್ಲಿ ಪದವಿ ಮುಗಿಸಿದ ಬಹಳಷ್ಟು ಮಕ್ಕಳು ಐಟಿ ಕಂಪನಿಗಳ ಪತ್ರ ಹಿಡಿದುಕೊಂಡು, ಸೇರುವ ದಿನಾಂಕಕ್ಕಾಗಿ ತಿಂಗಳುಗಟ್ಟಲೆ ಕಾದರು. ನನ್ನ ವಿದ್ಯಾರ್ಥಿಯೊಬ್ಬ ಹದಿನಾಲ್ಕು ತಿಂಗಳು ಕಾದು, ಕೊನೆಗೆ ಊರಿಗೆ ಮರಳಿ ಕೋಚಿಂಗ್ ಕೇಂದ್ರವೊಂದರಲ್ಲಿ ಪಾಠ ಹೇಳತೊಡಗಿದ. ಕಾಲೇಜಿನ ಪಟ್ಟಿಯಲ್ಲಿ ಅವನ ಹೆಸರು “ನೇಮಕಗೊಂಡವರು” ಎಂಬ ಸಾಲಿನಲ್ಲಿತ್ತು. ಆ ಪಟ್ಟಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಅದು ಈಗಲೂ ನನ್ನ ಮನಸ್ಸನ್ನು ಕೊರೆಯುತ್ತದೆ.

ನಂಬಬಹುದಾದ ಅಂಕಿ ಎಲ್ಲಿದೆ?

ಎನ್‌ಐಆರ್‌ಎಫ್ ಎಂಬ ಹೆಸರನ್ನು ಬಹುತೇಕ ಪೋಷಕರು ಕೇಳಿರುತ್ತಾರೆ. ಕೇಂದ್ರ ಶಿಕ್ಷಣ ಸಚಿವಾಲಯ 2016ರಿಂದ ಪ್ರಕಟಿಸುತ್ತಿರುವ ರ‍್ಯಾಂಕಿಂಗ್ ಅದು. ಆದರೆ ಎಲ್ಲರೂ ರ‍್ಯಾಂಕ್ ನೋಡಿ ಪುಟ ಮುಚ್ಚುತ್ತಾರೆ. ಬೆಲೆಬಾಳುವ ವಸ್ತು ಒಳಗಿದೆ. ರ‍್ಯಾಂಕಿಂಗ್‌ನಲ್ಲಿ ಪಾಲ್ಗೊಳ್ಳುವ ಪ್ರತಿ ಕಾಲೇಜೂ ತಾನು ಸಲ್ಲಿಸಿದ ಮಾಹಿತಿಯನ್ನು ತನ್ನ ಜಾಲತಾಣದಲ್ಲಿ ಪಿಡಿಎಫ್ ರೂಪದಲ್ಲಿ ಇಡಬೇಕು. ಅದರಲ್ಲಿ ನಾಲ್ಕು ವರ್ಷದ ಪದವಿಗೆ ಒಂದು ಕೋಷ್ಟಕ ಇರುತ್ತದೆ: ಮೊದಲ ವರ್ಷಕ್ಕೆ ಸೇರಿದವರು ಎಷ್ಟು, ಲ್ಯಾಟರಲ್ ಎಂಟ್ರಿಯಲ್ಲಿ (ನೇರ ಎರಡನೇ ವರ್ಷಕ್ಕೆ) ಬಂದವರು ಎಷ್ಟು, ನಿಗದಿತ ಅವಧಿಯಲ್ಲಿ ಪದವಿ ಮುಗಿಸಿದವರು ಎಷ್ಟು, ಕೆಲಸ ಸಿಕ್ಕಿದ್ದು ಎಷ್ಟು ಮಂದಿಗೆ, ಅವರ ಸಂಬಳದ ಮಧ್ಯಾಂಕ (ಏರಿಕೆಯ ಕ್ರಮದಲ್ಲಿಟ್ಟಾಗ ಸರಿಯಾಗಿ ನಡುವೆ ಬರುವ ಮೊತ್ತ) ಎಷ್ಟು, ಉನ್ನತ ವ್ಯಾಸಂಗಕ್ಕೆ ಹೋದವರು ಎಷ್ಟು. ಮೂರು ವರ್ಷದ ಅಂಕಿಗಳು ಒಂದರ ಕೆಳಗೊಂದು. ನಾನು ಮೇಲೆ ಮಾಡಿದ ಲೆಕ್ಕವನ್ನು ನೀವೇ ಹತ್ತು ನಿಮಿಷದಲ್ಲಿ ಮಾಡಬಹುದು.

ರ‍್ಯಾಂಕನ್ನೇ ಏಕೆ ನಂಬಬಾರದು ಎಂದು ಕೇಳಬಹುದು. ಎಂಜಿನಿಯರಿಂಗ್ ವಿಭಾಗದ ರ‍್ಯಾಂಕಿಂಗ್‌ನಲ್ಲಿ 100ಕ್ಕೆ 20 ಅಂಕ ಮಾತ್ರ ಪದವೀಧರರ ಫಲಿತಾಂಶಕ್ಕೆ ಮೀಸಲು. ಆ 20ರೊಳಗೆ ಪ್ಲೇಸ್‌ಮೆಂಟ್ ಮತ್ತು ಉನ್ನತ ವ್ಯಾಸಂಗಕ್ಕೆ ಶೇ 40, ಮಧ್ಯಾಂಕ ಸಂಬಳಕ್ಕೆ ಶೇ 25. ಎರಡೂ ಸೇರಿ 100ಕ್ಕೆ 13 ಅಂಕ. ಉಳಿದದ್ದು ಸಂಶೋಧನೆ, ಬೋಧನಾ ಸಂಪನ್ಮೂಲ, ಎಲ್ಲ ವರ್ಗದವರ ಒಳಗೊಳ್ಳುವಿಕೆ, ಜನಾಭಿಪ್ರಾಯ ಮುಂತಾದವುಗಳ ಪಾಲು. ಸಂಶೋಧನೆಯಲ್ಲಿ ಮುಂದಿರುವ ಸಂಸ್ಥೆ ಒಳ್ಳೆಯದೇ. ಆದರೆ ನಿಮ್ಮ ಪ್ರಶ್ನೆ ಕೆಲಸದ್ದಾಗಿದ್ದರೆ ರ‍್ಯಾಂಕಿಗಿಂತ ಆ ಕೋಷ್ಟಕ ಹೆಚ್ಚು ಹೇಳುತ್ತದೆ.

ಇದಕ್ಕೂ ಮಿತಿಗಳಿವೆ. ಮಾಹಿತಿಯನ್ನು ಕೊಡುವುದು ಕಾಲೇಜೇ. ಕೋಷ್ಟಕ ಇಡೀ ಕಾಲೇಜಿನದು, ಶಾಖೆವಾರು ಅಲ್ಲ. ರ‍್ಯಾಂಕಿಂಗ್‌ಗೆ ಅರ್ಜಿಯನ್ನೇ ಹಾಕದ ಕಾಲೇಜುಗಳೂ ಇವೆ. ಅಂಥ ಕಡೆ, ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ಸಂಸ್ಥೆಗೆ ಸಲ್ಲಿಸಿದ ಸ್ವಯಂ ಅಧ್ಯಯನ ವರದಿಯಲ್ಲಿ ಐದನೇ ಮಾನದಂಡ, ಅಂದರೆ ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿಯ ಭಾಗ, ಹುಡುಕಿ ನೋಡಿ. ಶಾಖೆವಾರು ಚಿತ್ರ ಬೇಕಿದ್ದರೆ, ತಾಂತ್ರಿಕ ಕೋರ್ಸುಗಳ ಗುಣಮಟ್ಟ ಪರಿಶೀಲಿಸುವ ಎನ್‌ಬಿಎ ಸಂಸ್ಥೆಯ ಮಾನ್ಯತೆ ನೆರವಾಗುತ್ತದೆ. ಎನ್‌ಬಿಎ ಇಡೀ ಕಾಲೇಜಿಗೆ ಮಾನ್ಯತೆ ಕೊಡುವುದಿಲ್ಲ, ಒಂದೊಂದು ಕೋರ್ಸಿಗೆ ಪ್ರತ್ಯೇಕವಾಗಿ ಕೊಡುತ್ತದೆ. “ನಮ್ಮ ಕಾಲೇಜಿಗೆ ಎನ್‌ಬಿಎ ಇದೆ” ಎಂದರೆ, ಯಾವ ಶಾಖೆಗೆ, ಯಾವ ವರ್ಷದವರೆಗೆ ಎಂದು ಕೇಳಲೇಬೇಕು.

ಪ್ಯಾಕೇಜ್ ಎಂಬ ಪೊಟ್ಟಣವನ್ನು ಬಿಚ್ಚಿ

ಸರಾಸರಿಗೂ ಮಧ್ಯಾಂಕಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಮಕ್ಕಳು ಹತ್ತನೆಯ ತರಗತಿಯ ಗಣಿತದಲ್ಲಿ ಓದಿದ್ದಾರೆ. ಈಗ ಅದರಿಂದ ಉಪಯೋಗವಿದೆ. ಹತ್ತು ಮಂದಿಯಲ್ಲಿ ಒಬ್ಬನಿಗೆ ವರ್ಷಕ್ಕೆ 44 ಲಕ್ಷ, ಇಬ್ಬರಿಗೆ 8 ಲಕ್ಷ, ಏಳು ಮಂದಿಗೆ 4 ಲಕ್ಷ ಎಂದಿಟ್ಟುಕೊಳ್ಳಿ. ಸರಾಸರಿ 8.8 ಲಕ್ಷ. ಆದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಅಷ್ಟು ಸಂಬಳವೇ ಇಲ್ಲ. ಮಧ್ಯಾಂಕ 4 ಲಕ್ಷ. ಮಧ್ಯದ ಬೆಂಚಿನವನ ಸಂಬಳ ಅದು. ಕಾಲೇಜು ಸರಾಸರಿಯನ್ನಷ್ಟೇ ಹೇಳಿದರೆ ಮಧ್ಯಾಂಕ ಕೇಳಿ. ಗರಿಷ್ಠವನ್ನಷ್ಟೇ ಹೇಳಿದರೆ ಆ ಅಂಕಿಯನ್ನು ಪಕ್ಕಕ್ಕಿಡಿ, ಅದು ಒಬ್ಬ ವ್ಯಕ್ತಿಯ ಸಾಧನೆ.

ಎರಡನೆಯದು ಸಿಟಿಸಿ. ಅಂದರೆ ಒಬ್ಬ ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ. ಕೈಗೆ ಬರುವ ಸಂಬಳ ಬೇರೆ. 12 ಲಕ್ಷದ ಸಿಟಿಸಿಯನ್ನು ಬಿಡಿಸಿದರೆ ಹೀಗಿರಬಹುದು: ಖಚಿತ ಸಂಬಳ 7 ಲಕ್ಷ, ಒಂದೇ ಸಲ ಕೊಡುವ ಸೇರ್ಪಡೆ ಬೋನಸ್ ಒಂದೂವರೆ ಲಕ್ಷ, ಕೆಲಸದ ಮೌಲ್ಯಮಾಪನಕ್ಕೆ ಕಟ್ಟುಬಿದ್ದ ಮೊತ್ತ 1 ಲಕ್ಷ, ವರ್ಷಗಳು ಕಳೆದಂತೆ ಕೈಸೇರುವ ಷೇರುಗಳು 2 ಲಕ್ಷ, ಭವಿಷ್ಯನಿಧಿಗೆ ಕಂಪನಿಯ ಪಾಲು, ಗ್ರಾಚ್ಯುಟಿ, ವಿಮೆ ಸೇರಿ ಅರ್ಧ ಲಕ್ಷ. ತಿಂಗಳಿಗೆ 1 ಲಕ್ಷ ಎಂದುಕೊಂಡ ಮನೆಯವರಿಗೆ ಕಡಿತಗಳಿಗೆ ಮುಂಚೆಯೇ 58 ಸಾವಿರ ಚಿಲ್ಲರೆ ಎಂದು ತಿಳಿಯುವುದು ಮೊದಲ ಸಂಬಳದ ಚೀಟಿ ಬಂದಾಗ. ಅಹಮದಾಬಾದಿನ ಐಐಎಂ ಇದೇ ಗೊಂದಲ ನಿವಾರಿಸಲು ಪ್ಲೇಸ್‌ಮೆಂಟ್ ವರದಿಗೊಂದು ಮಾನದಂಡ ರೂಪಿಸಿದೆ. ಖಚಿತ ನಗದು ಎಷ್ಟು, ಗರಿಷ್ಠ ಸಾಧ್ಯತೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದು, ಲೆಕ್ಕ ಪರಿಶೋಧನೆ ಮಾಡಿಸಿ ಪ್ರಕಟಿಸುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೂ ಇಂಥದೊಂದು ನಿಯಮ ಬರಬೇಕು ಎಂಬುದು ನನ್ನ ಬಹುದಿನಗಳ ಆಸೆ.

ಕಾಲದ ಅಂತರವನ್ನೂ ಮರೆಯಬಾರದು. ಈಗ ನೀವು ನೋಡುವ ಅಂಕಿ ನಾಲ್ಕು ವರ್ಷಗಳ ಹಿಂದೆ ಸೇರಿದವರದು. ನಿಮ್ಮ ಮಗಳು ಕೆಲಸ ಹುಡುಕುವುದು ಇನ್ನು ನಾಲ್ಕು ವರ್ಷಗಳ ನಂತರ. ನಡುವೆ ಮಾರುಕಟ್ಟೆ ಏರುತ್ತದೆ, ಇಳಿಯುತ್ತದೆ. 2021–22ರಲ್ಲಿ ಐಟಿ ಕಂಪನಿಗಳು ಹೊಸಬರನ್ನು ಬಾಚಿಕೊಂಡವು, 2023–24ರಲ್ಲಿ ಅದೇ ಕಂಪನಿಗಳು ಕೈ ಬಿಗಿಹಿಡಿದವು. ಹಾಗಾಗಿ ಒಂದು ವರ್ಷದ ಅಂಕಿಯಿಂದ ಏನನ್ನೂ ತೀರ್ಮಾನಿಸಬೇಡಿ. ಮೂರು ವರ್ಷಗಳನ್ನು ನೋಡಿ, ಕೆಟ್ಟ ವರ್ಷದಲ್ಲಿ ಆ ಕಾಲೇಜು ಎಷ್ಟು ಕುಸಿಯಿತು ಎಂಬುದನ್ನು ಗಮನಿಸಿ. ಒಳ್ಳೆಯ ವರ್ಷದಲ್ಲಿ ಎಲ್ಲ ಕಾಲೇಜುಗಳೂ ಒಳ್ಳೆಯವಾಗಿಯೇ ಕಾಣುತ್ತವೆ.

ಬ್ರಿಟನ್ನಿನಲ್ಲಿ ಪದವಿ ಮುಗಿದು ಸುಮಾರು 15 ತಿಂಗಳಾದ ಮೇಲೆ ಪದವೀಧರರನ್ನೇ ನೇರವಾಗಿ ಕೇಳುತ್ತಾರೆ: ಈಗ ಏನು ಮಾಡುತ್ತಿದ್ದೀರಿ, ಓದಿದ್ದು ಉಪಯೋಗಕ್ಕೆ ಬರುತ್ತಿದೆಯೇ ಎಂದು. ನಮ್ಮಲ್ಲಿ ಲೆಕ್ಕ ನಿಲ್ಲುವುದು ಆಫರ್ ಪತ್ರ ಕೈಗೆ ಬಂದ ದಿನ. ಆಮೇಲಿನದನ್ನು ನಾವೇ ಹುಡುಕಿಕೊಳ್ಳಬೇಕು.

ಆಪ್ಷನ್ ಎಂಟ್ರಿಯ ಮೂರು ತಿಕ್ಕಾಟಗಳು

ದೊಡ್ಡ ಹೆಸರಿನ ಕಾಲೇಜಿನ ಸಿವಿಲ್ಲೋ, ಸಾಧಾರಣ ಕಾಲೇಜಿನ ಕಂಪ್ಯೂಟರ್ ಸೈನ್ಸೋ? ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಇಡೀ ಕಾಲೇಜಿನ ಮಧ್ಯಾಂಕ ಸಂಬಳ ಇಲ್ಲಿ ದಾರಿ ತಪ್ಪಿಸುತ್ತದೆ. ದೊಡ್ಡ ಕಾಲೇಜಿನ ಅಂಕಿಯನ್ನು ಮೇಲೆತ್ತಿರುವುದು ಅಲ್ಲಿನ ಕಂಪ್ಯೂಟರ್ ಶಾಖೆಗಳು. ಸಿವಿಲ್ ವಿದ್ಯಾರ್ಥಿಗೆ ಅದರ ಪಾಲು ಸಿಗದೇ ಇರಬಹುದು. ಬರುವ ಕಂಪನಿಗಳು ಎಲ್ಲ ಶಾಖೆಯವರಿಗೂ ಪರೀಕ್ಷೆ ಬರೆಯಲು ಬಿಡುತ್ತವೆಯೇ, ಕೆಲವೇ ಶಾಖೆಗಳಿಗೆ ಸೀಮಿತವೇ ಎಂದು ಕೇಳಿ ತಿಳಿಯಬೇಕು.

ಆದರೆ ಇದರ ಇನ್ನೊಂದು ಮುಖವನ್ನು ಯಾರೂ ಹೇಳುವುದಿಲ್ಲ. ಸಿವಿಲ್ ಮತ್ತು ಎಲೆಕ್ಟ್ರಿಕಲ್ ಪದವೀಧರರ ಒಳ್ಳೆಯ ಕೆಲಸಗಳು ಕ್ಯಾಂಪಸ್ಸಿಗೆ ಬಂದು ಕರೆಯುವುದಿಲ್ಲ. ಲೋಕೋಪಯೋಗಿ, ಜಲಸಂಪನ್ಮೂಲ ಇಲಾಖೆಗಳ ಸಹಾಯಕ ಎಂಜಿನಿಯರ್ ಹುದ್ದೆ, ಕೆಪಿಟಿಸಿಎಲ್ ಮತ್ತು ಎಸ್ಕಾಂಗಳ ಹುದ್ದೆ, ಗೇಟ್ ಪರೀಕ್ಷೆಯ ಮೂಲಕ ಸಿಗುವ ಸಾರ್ವಜನಿಕ ಉದ್ದಿಮೆಯ ಕೆಲಸ, ಇವೆಲ್ಲ ಪದವಿಯ ನಂತರ ಒಂದು, ಎರಡು, ಕೆಲವೊಮ್ಮೆ ಮೂರು ವರ್ಷಗಳ ತಯಾರಿಯ ಫಲ. ಪ್ಲೇಸ್‌ಮೆಂಟ್ ಕೋಷ್ಟಕದಲ್ಲಿ ಅವರೆಲ್ಲ “ಕೆಲಸ ಸಿಗದವರು”. ನಾನು ಪಾಠ ಮಾಡಿದವರಲ್ಲಿ ಹಲವರು ಇವತ್ತು ಸರ್ಕಾರಿ ಎಂಜಿನಿಯರ್‌ಗಳು. ಪದವಿ ಪ್ರಮಾಣಪತ್ರ ತೆಗೆದುಕೊಂಡ ದಿನ ಅವರ ಕೈ ಖಾಲಿಯಿತ್ತು. ಆದ್ದರಿಂದ ಸಿವಿಲ್ ಶಾಖೆಯ ಕಡಿಮೆ ಶೇಕಡಾವಾರನ್ನು ಕಂಪ್ಯೂಟರ್ ಸೈನ್ಸಿನ ಹೆಚ್ಚಿನ ಶೇಕಡಾವಾರಿನ ಜೊತೆ ತೂಗಬೇಡಿ. ಸಿವಿಲ್ಲನ್ನು ಇನ್ನೊಂದು ಕಾಲೇಜಿನ ಸಿವಿಲ್ ಜೊತೆ ತೂಗಿ. ಮಗುವಿಗೆ ಆ ವಿಷಯದಲ್ಲಿ ಮನಸ್ಸಿದೆಯೇ, ಎರಡು ವರ್ಷ ಕಾಯುವ ಶಕ್ತಿ ಮನೆಗಿದೆಯೇ ಎಂದು ಕೇಳಿಕೊಳ್ಳಿ.

ಮೆಕ್ಯಾನಿಕಲ್ ಶಾಖೆಯಲ್ಲಿ ಬೇರೆಯದೇ ತೊಂದರೆ. ಅಲ್ಲಿ “ಕೆಲಸ ಸಿಕ್ಕವರು” ಎಂಬ ಸಾಲಿನಲ್ಲಿರುವವರಲ್ಲಿ ಎಷ್ಟು ಮಂದಿ ಕಾರ್ಖಾನೆಗೆ, ವಿನ್ಯಾಸಕ್ಕೆ ಹೋದರು, ಎಷ್ಟು ಮಂದಿ ಸಾಫ್ಟ್‌ವೇರ್ ಸೇವಾ ಕಂಪನಿಗೆ ಹೋದರು ಎಂದು ಬೇರ್ಪಡಿಸಿ ನೋಡಬೇಕು. ಯಂತ್ರಗಳ ಮೇಲಿನ ಪ್ರೀತಿಯಿಂದ ಸೇರುವ ಹುಡುಗನಿಗೆ ಈ ವ್ಯತ್ಯಾಸವೇ ಎಲ್ಲವೂ.

ಎರಡನೆಯ ತಿಕ್ಕಾಟ ಶುಲ್ಕದ್ದು. ಸರ್ಕಾರಿ ಕೋಟಾದಲ್ಲಿ ಸಿಗುವ ಕಾಲೇಜಿಗಿಂತ ಕಾಮೆಡ್-ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆ) ಅಥವಾ ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಸಿಗುವ ಕಾಲೇಜು ಒಂದು ಮೆಟ್ಟಿಲು ಮೇಲಿದೆ, ಸಾಲ ಮಾಡೋಣವೇ ಎಂದು ಕೇಳುತ್ತಾರೆ. ವರ್ಷಕ್ಕೆ 2 ಲಕ್ಷ ಹೆಚ್ಚಾದರೆ ನಾಲ್ಕು ವರ್ಷಕ್ಕೆ 8 ಲಕ್ಷ. ಎರಡು ಕಾಲೇಜುಗಳ ಮಧ್ಯಾಂಕ ಸಂಬಳದ ಅಂತರ ವರ್ಷಕ್ಕೆ 80 ಸಾವಿರ ಇದ್ದರೆ, ಬಡ್ಡಿಯನ್ನು ಬಿಟ್ಟರೂ ಆ ಹಣ ಮರಳಲು ಹತ್ತು ವರ್ಷ ಬೇಕು. ಇಷ್ಟರ ಮೇಲೂ ಆ 80 ಸಾವಿರದ ಅಂತರವನ್ನು ಕಾಲೇಜೇ ತಂದುಕೊಟ್ಟಿತು ಎನ್ನಲಾಗದು. ಒಳ್ಳೆಯ ರ‍್ಯಾಂಕಿನ ಮಕ್ಕಳು ಹೆಚ್ಚಾಗಿ ಸೇರುವ ಕಡೆ ಫಲಿತಾಂಶವೂ ಚೆನ್ನಾಗಿಯೇ ಇರುತ್ತದೆ. ಆ ಮಕ್ಕಳು ಬೇರೆಡೆ ಸೇರಿದ್ದರೂ ಕೆಲಸ ಹಿಡಿಯುತ್ತಿದ್ದರು. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷಕ್ಕೆ ಶುರುವಾಗುತ್ತದೆ, ಕೆಲಸ ಸಿಕ್ಕಿದ್ದರೂ ಸಿಗದಿದ್ದರೂ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ ಬೋಧನಾ ಶುಲ್ಕದ ವಿನಾಯಿತಿ ಇರುವ ಎಸ್‌ಎನ್‌ಕ್ಯು ಸೀಟುಗಳನ್ನು ಮೊದಲು ನೋಡಿ. ಎಷ್ಟೋ ಮನೆಗಳಿಗೆ ಅದರ ಸುದ್ದಿಯೇ ತಲುಪಿರುವುದಿಲ್ಲ.

ಮೂರನೆಯದು ಊರಿನ ಹತ್ತಿರದ ಹಳೆಯ ಕಾಲೇಜೋ, ಬೆಂಗಳೂರಿನ ಹೊಸ ಕಾಲೇಜೋ ಎಂಬುದು. ಬೆಂಗಳೂರಿನಲ್ಲಿ ಕಂಪನಿಗಳು ಹತ್ತಿರದಲ್ಲಿವೆ, ಇಂಟರ್ನ್‌ಶಿಪ್ ಸಿಗುವುದು ಸುಲಭ, ಇದು ನಿಜ. ಆದರೆ ದಾವಣಗೆರೆಯ ಯುಬಿಡಿಟಿ 1951ರದು, ಕಲಬುರಗಿಯ ಪಿಡಿಎ 1958ರದು, ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರದು, ಮಂಡ್ಯದ ಪಿಇಎಸ್ 1962ರದು, ಬಾಗಲಕೋಟೆಯ ಬಸವೇಶ್ವರ 1963ರದು. ಇಂಥ ಕಾಲೇಜುಗಳಿಂದ ಹೊರಬಂದವರು ಇಲಾಖೆಗಳಲ್ಲಿ, ಕಾರ್ಖಾನೆಗಳಲ್ಲಿ, ವಿದೇಶಗಳಲ್ಲಿ ತಲೆಮಾರುಗಳಿಂದ ಇದ್ದಾರೆ. ತಮ್ಮ ಕಾಲೇಜಿನ ಹುಡುಗ ಎಂದರೆ ಫೋನ್ ಎತ್ತಿ ಮಾತಾಡುವ ಹಿರಿಯರಿದ್ದಾರೆ. ಹೊಸ ಕಾಲೇಜಿಗೆ ಆ ಬಲ ಬರಲು ಕಾಲ ಬೇಕು. ಇಲ್ಲಿ ನನ್ನ ಒಲವು ಹಳೆಯ ಕಾಲೇಜುಗಳ ಕಡೆಗೇ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಇದರ ಜೊತೆಗೆ ಇತ್ತೀಚಿನ ಒಂದು ಬದಲಾವಣೆ ಸೇರಿಕೊಂಡಿದೆ. 2024–25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ ಒಂದು ಶಾಖೆಗೆ ಇಷ್ಟೇ ಸೀಟು ಎಂಬ ಗರಿಷ್ಠ ಮಿತಿಯನ್ನು ತೆಗೆಯಿತು. ಕೆಲವು ಕಾಲೇಜುಗಳು ಕಂಪ್ಯೂಟರ್ ಸಂಬಂಧಿತ ಸೀಟುಗಳನ್ನು ಬಹಳವಾಗಿ ಹೆಚ್ಚಿಸಿಕೊಂಡಿವೆ. 180 ಮಂದಿ ಇದ್ದಾಗಿನ ಪ್ಲೇಸ್‌ಮೆಂಟ್ ಅಂಕಿ 600 ಮಂದಿ ಪದವಿ ಮುಗಿಸುವ ವರ್ಷಕ್ಕೆ ಅನ್ವಯಿಸುವುದಿಲ್ಲ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಸೀಟ್ ಮ್ಯಾಟ್ರಿಕ್ಸ್‌ನಲ್ಲಿ, ಅಂದರೆ ಸೀಟುಗಳ ಪಟ್ಟಿಯಲ್ಲಿ, ನಿಮ್ಮ ಶಾಖೆಯ ಈ ವರ್ಷದ ಸೀಟುಗಳನ್ನೂ ಹಿಂದಿನ ವರ್ಷಗಳ ಸೀಟುಗಳನ್ನೂ ಹೋಲಿಸಿ ನೋಡಿ. ಸೀಟುಗಳ ಸಂಖ್ಯೆ ಎರಡರಷ್ಟಕ್ಕಿಂತಲೂ ಹೆಚ್ಚಾಗಿದ್ದರೆ ಹಳೆಯ ಅಂಕಿಯನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ.

ಕಾಗದ ಬಿಟ್ಟು ಜನರನ್ನು ಕೇಳಿ

ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಪುಟಕ್ಕೆ ಹೋಗಿ ಹಳೆಯ ವಿದ್ಯಾರ್ಥಿಗಳ ಭಾಗ ತೆರೆದರೆ ಯಾವ ವರ್ಷ, ಯಾವ ಶಾಖೆ, ಈಗ ಎಲ್ಲಿ ಕೆಲಸ ಎಂದು ಸೋಸಿ ನೋಡಬಹುದು. ಐದು ವರ್ಷಗಳ ಹಿಂದೆ ಹೊರಬಂದವರನ್ನು ನೋಡಿ. ಮೊದಲ ಕೆಲಸಕ್ಕಿಂತ ಎರಡನೆಯ ಕೆಲಸ ಹೆಚ್ಚು ಹೇಳುತ್ತದೆ, ಅದನ್ನು ಹಿಡಿದದ್ದು ಅವರ ಕಲಿಕೆ. ಒಂದು ಎಚ್ಚರಿಕೆ: ಕೆಲಸ ಚೆನ್ನಾಗಿರುವವರೇ ಅಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತಾರೆ.

ಸಾಧ್ಯವಾದರೆ ಕಾಲೇಜಿಗೇ ಹೋಗಿ. ಪ್ರವೇಶ ಕೌಂಟರಿನವರ ಮಾತು ಕೇಳಿದ ಮೇಲೆ, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕುಳಿತು ನಿಮ್ಮ ಶಾಖೆಯ ಕೊನೆಯ ವರ್ಷದ ನಾಲ್ವರನ್ನು ಮಾತಾಡಿಸಿ. ನಿಮ್ಮ ತರಗತಿಯಲ್ಲಿ ಅರವತ್ತು ಮಂದಿ ಇದ್ದರೆ ಇವತ್ತಿಗೆ ಎಷ್ಟು ಮಂದಿಯ ಕೈಯಲ್ಲಿ ಆಫರ್ ಇದೆ? ಸೇರುವ ದಿನಾಂಕ ಬಂದಿದೆಯೇ? ಬಂದ ಕಂಪನಿಗಳು ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತವೆಯೇ, ಎರಡು ವರ್ಷದ ಬಾಂಡ್ ಕೇಳುತ್ತವೆಯೇ? ಒಂದು ಆಫರ್ ಸಿಕ್ಕ ಮೇಲೆ ಇನ್ನೊಂದಕ್ಕೆ ಕೂರಲು ಕಾಲೇಜು ಬಿಡುತ್ತದೆಯೇ? ಮಕ್ಕಳು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಅಕ್ಕನ ಮಗಳಿಗೆ ಎಲೆಕ್ಟ್ರಾನಿಕ್ಸ್ ಇಷ್ಟ. ಅವಳೂ ನಾನೂ ಒಂದು ಭಾನುವಾರ ಕುಳಿತು ಮೂರು ಕಾಲೇಜುಗಳ ಪಿಡಿಎಫ್‌ಗಳನ್ನು ಹುಡುಕಿ, ಸಿಕ್ಕ ಅಂಕಿಗಳನ್ನು ನೋಟ್‌ಬುಕ್ಕಿಗೆ ಇಳಿಸಿದೆವು. ಶೇ 98 ಎಂದಿದ್ದ ಕಾಲೇಜು ಸಮಯಕ್ಕೆ ಪದವಿ ಮುಗಿಸುವವರ ಲೆಕ್ಕದಲ್ಲಿ ಶೇ 93ರ ಕಾಲೇಜಿಗಿಂತ ಹಿಂದೆ ಬಿತ್ತು. ಗರಿಷ್ಠ ಪ್ಯಾಕೇಜಿನ ಕಾಲೇಜು ರ‍್ಯಾಂಕಿಂಗ್‌ಗೆ ಮಾಹಿತಿಯನ್ನೇ ಕೊಟ್ಟಿರಲಿಲ್ಲ. ಮರುವಾರ ಅವಳು ತಾಯಿಯ ಜೊತೆ ಶೇ 93ರ ಕಾಲೇಜಿಗೆ ಹೋಗಿ ಕ್ಯಾಂಟೀನಿನಲ್ಲಿ ಇಬ್ಬರು ಹುಡುಗಿಯರನ್ನು ಮಾತಾಡಿಸಿ ಬಂದಳು. ಅದನ್ನೇ ಮೊದಲ ಆಯ್ಕೆಯಾಗಿ ಹಾಕಿದ್ದಾಳೆ. ಎರಡನೆಯದಾಗಿ ಕರಪತ್ರವನ್ನೇ ಕಳಿಸದಿದ್ದ, ಊರಿಗೆ ಒಂದೂವರೆ ಗಂಟೆ ದೂರದ ಹಳೆಯ ಕಾಲೇಜಿನ ಹೆಸರಿದೆ. ಅಣಕು ಸೀಟು ಹಂಚಿಕೆಯ ಫಲಿತಾಂಶ ಬಂದ ಮೇಲೂ ಪಟ್ಟಿಯ ಕ್ರಮವನ್ನು ಬದಲಿಸಲು ಅವಕಾಶವಿರುತ್ತದೆ. ಅಷ್ಟರೊಳಗೆ ಆ ಎರಡನೆಯ ಕಾಲೇಜಿಗೂ ಒಮ್ಮೆ ಹೋಗಿಬರುತ್ತೇವೆ ಎಂದು ನಿನ್ನೆ ರಾತ್ರಿ ಅಕ್ಕ ಫೋನಿನಲ್ಲಿ ಹೇಳಿದಳು.